ವಿಲ್ಫ್ರೆಡ್‌ನ ಕೊನೆಯ ಹತ್ತು ನಿಮಿಷ

ಎಮಿಲಿಯಾನಾ ಆಂಟಿಯ ಬಗ್ಗೆ ಬೇರೆ ಯಾರೂ ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಹೊಗಳುವುದಕ್ಕಲ್ಲ. ಹೊಗಳಿದರೆ ಆ ಹೆಂಗಸಿಗೇ ಹಿಡಿಸುವುದಿಲ್ಲ, "ಎಂತ ಮಾರಾಯ್ತಿ, ನಾನು ಸತ್ತೆನಾ?" ಎಂದು ಕೇಳುತ್ತಾರೆ. ಸಿಡ್ನಿಯ ಪ್ಯಾರಮಟ್ಟಾದಲ್ಲಿ, ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಹಳೆಯ ಕೆಂಪು ಇಟ್ಟಿಗೆಯ ಕಟ್ಟಡದಲ್ಲಿ ಅವರ ಮನೆ. ಅದರ ಹಿಂದಿನ ರೂಮಿನಲ್ಲಿ ರೆಂಟಿಗಿದ್ದವಳು ನಾನು, ಚಿತ್ರದುರ್ಗದ ರುದ್ರಾಣಿ. ಓದಲು ಬಂದು, ಇಲ್ಲೇ ನೆಲೆಸುವ ಪರವಾನಗಿ ಸಿಕ್ಕಿ ಪಿಆರ್ ಆಗಿ, ಒಂದು ಕಂಪನಿಯಲ್ಲಿ ಬೇರೆಯವರ ಕಂಪ್ಯೂಟರ್ ಕೆಟ್ಟಾಗ ಫೋನಿನಲ್ಲಿ ಬೈಗುಳ ತಿನ್ನುವ ಕೆಲಸ ಹಿಡಿದಿದ್ದೆ.

ಆಂಟಿ ಕಿನ್ನಿಗೋಳಿ ಕಡೆಯ ಕ್ಯಾಥೊಲಿಕ್ ಮನೆತನದವರು. ಮನೆಮಾತು ಕೊಂಕಣಿ, ನನ್ನೊಡನೆ ಮಂಗಳೂರು ಕನ್ನಡ. ಒಂದು ನರ್ಸಿಂಗ್ ಹೋಮಿನ ಲಾಂಡ್ರಿಯಲ್ಲಿ ಕೆಲಸ. ಗಂಡ ಜಾಕೊಬ್ ಅಂಕಲ್ ಅಂಚೆಯಲ್ಲಿ ಕಾಗದ ವಿಂಗಡಿಸುತ್ತಿದ್ದರು. ಅಂಕಲ್ ಬಾಯಿಂದ ಮಾತು ಹೊರಡಬೇಕಾದರೆ ಯಾರಾದರೂ ಪ್ರಶ್ನೆ ಕೇಳಬೇಕು. ಕೇಳಿದ್ದಕ್ಕೆ ಉತ್ತರ ಕೊಟ್ಟು ಮತ್ತೆ ಬಾಯಿಗೆ ಬೀಗ. ಇದನ್ನು ಈಗಲೇ ಹೇಳಿಟ್ಟಿರುತ್ತೇನೆ.

ಗುರುವಾರ ಸಂಜೆ ಊಟದ ಹೊತ್ತಿಗೆ, ನಾನಾ ದೇಶದ ಭಾಷೆಗಳ ಕಾರ್ಯಕ್ರಮ ಹಾಕುವ ಚಾನೆಲ್ಲಿನಲ್ಲಿ ಒಂದು ಜರ್ಮನ್ ಸೀರಿಯಲ್ ಬರುತ್ತಿತ್ತು. ಖಾಸಗಿ ಪತ್ತೇದಾರನ ಕಥೆ. ಅವನ ಹೆಸರು ವಿಲ್ಫ್ರೆಡ್. ಸಣ್ಣ ಊರಿನಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದು, ಕಾಲು ನೋವಿನಿಂದ ಕೆಲಸ ಬಿಟ್ಟು, ಈಗ ಜನರ ಗುಟ್ಟು ಹುಡುಕಿಕೊಡುವವನು. ಬಂದೂಕಿಲ್ಲ, ಕಾರು ಚೇಸಿಂಗ್ ಇಲ್ಲ. ಮಾಸಿದ ಕೋಟು ಹಾಕಿಕೊಂಡು ಜನರ ಕಿಟಕಿ, ಬೇಲಿ, ಕಸದ ಡಬ್ಬಿ ನೋಡುತ್ತಾ ಓಡಾಡುತ್ತಾನೆ. ಯಾರನ್ನೂ ಏನೂ ಕೇಳುವುದಿಲ್ಲ. ನಮ್ಮೂರಿನಲ್ಲಿ ಹೀಗೆ ಮಾಡಿದರೆ ಕಲ್ಲು ಬೀಳುತ್ತದೆ.

ಆಂಟಿಗೆ ಅವನೆಂದರೆ ಪ್ರಾಣ. "ವಿಲ್ಫ್ರೆಡ್ ಅಂದ್ರೆ ನಮ್ಮವನೇ. ನಮ್ಮ ಕಡೆ ಪ್ರತಿ ಮನೆಯಲ್ಲಿ ಒಬ್ಬ ವಿಲ್ಫ್ರೆಡ್ ಇರ್ತಾನೆ, ಗೊತ್ತುಂಟಾ?" ಎನ್ನುತ್ತಿದ್ದರು. ಜರ್ಮನ್ ಒಂದಕ್ಷರ ಬರುವುದಿಲ್ಲ. ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಿಯೇ ನೋಡಬೇಕು. ಹಾಗಾಗಿ ಗುರುವಾರ ಕಣ್ಣು ಆಚೀಚೆ ಮಾಡುವಂತಿರಲಿಲ್ಲ, ಮಾಡಿದರೆ ಕಥೆ ಕೈತಪ್ಪುತ್ತಿತ್ತು.

ಇಷ್ಟೇ ಆಗಿದ್ದರೆ ಟೀವಿ ಹುಚ್ಚಿನ ಹೆಂಗಸು ಎಂದು ಬಿಡಬಹುದಿತ್ತು. ಆದರೆ ಆಂಟಿಯೇ ಒಬ್ಬ ಪತ್ತೇದಾರಿಣಿ. ಮದುವೆ ಸಂಬಂಧ ಬಂದಾಗ ಹುಡುಗನ ಬಗ್ಗೆ ವಿಚಾರಿಸುವುದು ನಮ್ಮಲ್ಲೂ ಉಂಟು, ಅವರಲ್ಲೂ ಉಂಟು. ಊರಿನಲ್ಲಾದರೆ ಅಂಗಡಿಯವನನ್ನೋ ಪಾದ್ರಿಯನ್ನೋ ಪಕ್ಕದ ಮನೆಯವರನ್ನೋ ಮೆಲ್ಲನೆ ಕೇಳಬಹುದು. ಹುಡುಗ ಆಸ್ಟ್ರೇಲಿಯಾಕ್ಕೆ ಹಾರಿಬಿಟ್ಟರೆ ಯಾರನ್ನು ಕೇಳುವುದು? ಕಿನ್ನಿಗೋಳಿ, ಮೂಡಬಿದ್ರಿ, ಶಿರ್ವದ ಅಪ್ಪಂದಿರು ಎಮಿಲಿಯಾನಾಳಿಗೆ ಫೋನ್ ಮಾಡುತ್ತಿದ್ದರು.

ಆಂಟಿಗೆ ಒಂದು ಪದ್ಧತಿ ಇತ್ತು. ಹುಡುಗನನ್ನು ಮಾತ್ರ ಎಂದೂ ಕೇಳುತ್ತಿರಲಿಲ್ಲ. ಕ್ರಿಸ್ಮಸ್ ಹತ್ತಿರವಿದ್ದರೆ ಇನ್ನೂ ಸುಲಭ. ಆಗ ಅವರ ಮನೆಗಳಲ್ಲಿ ಕುಸ್ವಾರ್ ಮಾಡುತ್ತಾರೆ: ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ ಎಲ್ಲ ಸೇರಿದ ಹಬ್ಬದ ತಿಂಡಿ. ಅದನ್ನು ತಟ್ಟೆಯಲ್ಲಿಟ್ಟು ನೆರೆಯವರಿಗೆಲ್ಲ ಹಂಚುವುದು ರೂಢಿ. ತಿಂಡಿ ತಂದವರ ಮುಖದ ಮೇಲೆ ಬಾಗಿಲು ಹಾಕುವವರು ಯಾವ ದೇಶದಲ್ಲೂ ಇಲ್ಲ. ಆಂಟಿ ಹುಡುಗನ ಬೀದಿಯಲ್ಲೆಲ್ಲ ಕುಸ್ವಾರ್ ಹಂಚಿ, ಎಲ್ಲರ ಬಾಯಿ ಬಿಡಿಸಿ, ಕೊನೆಗೆ ಹುಡುಗನ ಮನೆಗೂ ಒಂದು ತಟ್ಟೆ ಕೊಟ್ಟು ಬರುತ್ತಿದ್ದರು. ಸ್ಟೀಲ್ ತಟ್ಟೆ, ಅಂಚಿನಲ್ಲಿ ಅವರ ಹೆಸರು ಕೊರೆಸಿದ್ದು. ತಟ್ಟೆ ಎಂದರೆ ಹಿಂದಿರುಗಲೇಬೇಕು, ಖಾಲಿಯಾಗಿ ಹಿಂದಿರುಗಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ನಮ್ಮ ಮನೆಯಲ್ಲೂ ಅಮ್ಮ ಹಾಗೇ ಮಾಡುತ್ತಿದ್ದದ್ದು. ಹುಡುಗ ಆ ತಟ್ಟೆಯಲ್ಲಿ ಏನು ಹಾಕಿ ಕಳಿಸುತ್ತಾನೆ ಎಂಬುದರಿಂದ ಆಂಟಿ ಅವನ ಜಾತಕ ಬರೆಯುತ್ತಿದ್ದರು.

೨೦೦೭ರ ನವೆಂಬರಿನ ಒಂದು ಗುರುವಾರ. ವಿಲ್ಫ್ರೆಡ್‌ಗೆ ಒಬ್ಬ ಬೇಕರಿಯ ವಿಧವೆ ಕೆಲಸ ಒಪ್ಪಿಸಿದ್ದಳು. ಮಗಳನ್ನು ಮದುವೆಯಾಗಲು ಬಂದಿರುವ ಗಡಿಯಾರ ರಿಪೇರಿಯವನು ಎಂಥವನು, ನೋಡಿ ಹೇಳು ಎಂದು. ವಿಲ್ಫ್ರೆಡ್ ಬೇಲಿಯಾಚೆಯಿಂದ ಅವನ ಅಡುಗೆಮನೆಯ ಕಿಟಕಿ ನೋಡುತ್ತಾನೆ. ದಿನಾ ಬೆಳಿಗ್ಗೆ ತೊಳೆದು ಬೋರಲು ಹಾಕಿದ ಎರಡು ಕಪ್ಪು. ಒಂಟಿ ಗಂಡಸಿನ ಮನೆಯಲ್ಲಿ ಎರಡು ಕಪ್ಪು ಯಾಕೆ?

"ನೋಡು ರುದ್ರಾಣಿ, ಎರಡು ಕಪ್ಪು!" ಆಂಟಿ ನನ್ನ ತೊಡೆಗೆ ಹೊಡೆದರು. "ಒಳಗೆ ಹೆಂಗಸು ಉಂಟು. ನಾನು ಆಗಲೇ ಹೇಳ್ಲಿಲ್ವಾ?"

ವಿಲ್ಫ್ರೆಡ್ ಹೋಗಿ ವಿಧವೆಗೆ ವರದಿ ಒಪ್ಪಿಸಿದ. ಅಷ್ಟರಲ್ಲಿ ನಮ್ಮ ಫೋನು ಬಡಿದುಕೊಂಡಿತು. ಕಥೆ ಮುಗಿಯಲು ಇನ್ನು ಹತ್ತು ನಿಮಿಷವಿದ್ದಿರಬಹುದು. ಆಂಟಿ ಬೈಯುತ್ತಲೇ ಎದ್ದರು. ನಾನೂ ಎದ್ದೆ, ಟೀವಿಯ ಗುಟ್ಟಿಗಿಂತ ಫೋನಿನ ಗುಟ್ಟು ರುಚಿ. ಅಂಕಲ್ ಒಬ್ಬರೇ ಸೋಫಾದಲ್ಲಿ ಉಳಿದರು.

ಫೋನ್ ಮಾಡಿದವರು ಕಿನ್ನಿಗೋಳಿಯ ಜೊವಾನ್ ಸಲ್ಡಾನ್ಹಾ, ಆಂಟಿಯ ದೂರದ ಸಂಬಂಧಿ. ಅವರ ಮಗಳು ಲವೀನಾ ಅಲ್ಲೇ ಕಾನ್ವೆಂಟಿನಲ್ಲಿ ಟೀಚರು. ವಯಸ್ಸು ಮೂವತ್ತಕ್ಕೆ ಹತ್ತಿರ. ಜೊವಾನ್ ಅದಕ್ಕೂ ಇದಕ್ಕೂ ಹೆಸರಿಟ್ಟು ಬಂದ ಸಂಬಂಧಗಳನ್ನೆಲ್ಲ ತಿರುಗಿಸಿ ಕಳಿಸಿದ್ದರು. ಈಗ ಮೆಲ್ಬರ್ನಿನ ಡ್ಯಾರಿಲ್ ಎಂಬ ಹುಡುಗನದು ಬಂದಿದೆ. ಅಕೌಂಟಿಂಗ್ ಓದಿ, ಪಿಆರ್ ಆಗಿ, ಟ್ರುಗನಿನಾದ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಟಾರ್ನೀಟಿನಲ್ಲಿ ಮನೆ. ಲವೀನಾಗೆ ಒಪ್ಪಿಗೆ, ಭಾನುವಾರ ಭಾನುವಾರ ಫೋನಿನಲ್ಲಿ ಮಾತಾಡುತ್ತಿದ್ದಾರೆ. "ನೀನು ಒಮ್ಮೆ ನೋಡಿ ಹೇಳಿದ್ರೆ ಮುಗೀತು. ನಿನ್ನ ಮಾತೇ ಕೊನೆ" ಎಂದರು ಜೊವಾನ್. ನಾನು ಅಷ್ಟು ಹೊತ್ತಿಗೆ ಕೊಂಕಣಿ ಅರ್ಥ ಮಾಡಿಕೊಳ್ಳುವಷ್ಟು ಕಲಿತಿದ್ದೆ.

ಫೋನ್ ಇಡುವಾಗ ಟೀವಿಯಲ್ಲಿ ಹವಾಮಾನ ವರದಿ. "ಛೇ, ಕೊನೆ ತಪ್ಪಿತು" ಎಂದರು ಆಂಟಿ. "ಇರ್ಲಿ. ಆ ಹೆಂಗಸು ಸಿಕ್ಕಿಬಿದ್ದಿರ್ತಾಳೆ, ಮತ್ತೆ ಎಂತ?" ಅಂಕಲ್ ಚಪ್ಪಲಿ ಹುಡುಕುತ್ತಿದ್ದರು.

ಡಿಸೆಂಬರಿನಲ್ಲಿ ಆಂಟಿ ಮೆಲ್ಬರ್ನಿಗೆ ಹೊರಟರು, ಜೊತೆಗೆ ನಾನು. ರಜೆ ಇತ್ತು, ಮೆಲ್ಬರ್ನ್ ನೋಡಿರಲಿಲ್ಲ, ಮೇಲಾಗಿ ಆಂಟಿಗೆ ಕಾರು ಓಡಿಸಲು ಬರುವುದಿಲ್ಲ. ಟ್ರುಗನಿನಾದಲ್ಲಿ ಅಂಕಲ್‌ನ ಅಕ್ಕನ ಮಗಳ ಮನೆಯಲ್ಲಿ ಇಳಿದುಕೊಂಡೆವು. ಟಾರ್ನೀಟ್ ಎಂದರೆ ಆಗ ಅರ್ಧ ಹೊಸ ಮನೆಗಳು, ಅರ್ಧ ಒಣಹುಲ್ಲಿನ ಬಯಲು. ಬಿಸಿಗಾಳಿ, ಧೂಳು, ನೆರಳಿಗೆ ಒಂದು ಮರವಿಲ್ಲ. ಅಂಥದ್ದರಲ್ಲಿ ಆಂಟಿ ಹಬ್ಬದ ಸೀರೆ ಉಟ್ಟು, ತಟ್ಟೆಯ ಮೇಲೆ ಕ್ರೋಶಾ ಬಟ್ಟೆ ಮುಚ್ಚಿಕೊಂಡು ಮನೆಮನೆ ಹತ್ತಿ ಇಳಿದರು.

ಪಕ್ಕದ ಪಂಜಾಬಿ ಹೆಂಗಸು ಹಿಂದಿಯಲ್ಲಿ ಹೇಳಿದಳು: ಒಳ್ಳೆಯ ಹುಡುಗ, ತಲೆ ಎತ್ತಿ ನೋಡುವುದಿಲ್ಲ. ಎದುರು ಮನೆಯ ಬಿಳಿ ಅಜ್ಜಿ, ರಜೆಯ ದಿನವೆಲ್ಲ ಅವನ ಅಡುಗೆಮನೆಯಿಂದ ಹಾಡು ಕೇಳಿಸುತ್ತದೆ, ಎಂಥ ಸುವಾಸನೆ ಬರುತ್ತದೆ ಎಂದಳು. ಆಂಟಿ ನನ್ನ ಕಡೆ ನೋಡಿದರು. ಹುಬ್ಬು ಮೇಲೆ ಹೋಗಿತ್ತು.

ಡ್ಯಾರಿಲ್ ಬಾಗಿಲು ತೆಗೆದಾಗ ಶಿಫ್ಟಿಗೆ ಹೊರಟಿದ್ದ. ಎತ್ತರದ, ನಾಚಿಕೆಯ ಹುಡುಗ. ತಟ್ಟೆ ನೋಡಿದ್ದೇ ಮುಖ ಅರಳಿತು. "ಅಯ್ಯೋ ಆಂಟಿ, ಕುಸ್ವಾರ್! ಒಳಗೆ ಬನ್ನಿ, ಐದು ನಿಮಿಷ ಕೂತ್ಕೊಳ್ಳಿ, ಟೀ ಮಾಡ್ತೇನೆ" ಎಂದ. ಆಂಟಿ ಹೊಸ್ತಿಲು ದಾಟಲಿಲ್ಲ, ಕತ್ತು ಚಾಚಿ ನೋಡಿದ್ದಷ್ಟೇ. ಮೂರು ಬೆಡ್‌ರೂಮಿನ ಮನೆ, ಹೂವಿನ ಕರ್ಟನ್, ನೆಲ ಫಳಫಳ.

ಮರುದಿನ ಅವನೇ ನಾವಿಳಿದಿದ್ದ ಮನೆಗೆ ತಟ್ಟೆ ತಂದು ಕೊಟ್ಟು ಹೋದ. ತುಂಬ ನೆವ್ರಿ. ನಮ್ಮ ಕಡೆ ಕರ್ಜಿಕಾಯಿ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಆಂಟಿ ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಅಂಚನ್ನು ಬೆರಳಲ್ಲಿ ಮಡಚಿ ಮಡಚಿ ಸಣ್ಣ ಜಡೆಯ ಹಾಗೆ ಹೆಣೆದಿತ್ತು.

"ಇದು ಅಂಗಡಿಯದ್ದಲ್ಲ. ಅಂಗಡಿಯವರು ಅಚ್ಚಿನಲ್ಲಿ ಒತ್ತುತ್ತಾರೆ. ನಾನೇ ಹಲ್ಲಿನ ಚಕ್ರದಲ್ಲಿ ಅಂಚು ಕತ್ತರಿಸೋದು, ಇಷ್ಟು ಪುರುಸೊತ್ತು ಯಾರಿಗುಂಟು? ಇದು ಹೆಂಗಸಿನ ಕೈ ರುದ್ರಾಣಿ. ನಮ್ಮದೇ ಹೆಂಗಸು. ಮನೆಯೊಳಗೆ ಇಟ್ಕೊಂಡಿದ್ದಾನೆ."

"ಅಲ್ಲ ಆಂಟಿ, ಅವನಮ್ಮ ಪಾರ್ಸೆಲ್ ಕಳಿಸಿರಬಹುದಲ್ವಾ?"

"ತಾಯಿ ತೀರಿ ವರ್ಷ ಆಯ್ತು. ಜೊವಾನ್ ಹೇಳಿದ್ದಾನೆ."

"ಹಂಗಾದ್ರೆ ಅವನನ್ನೇ ಕೇಳ್ಬಿಡೋಣ. ಇಲ್ಲೇ ಇದ್ದಾನೆ, ಕಾರಲ್ಲಿ ಹತ್ತು ನಿಮಿಷ."

ಆಂಟಿ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದರು. "ಕೇಳಿದ್ರೆ ಸತ್ಯ ಹೇಳ್ತಾನಾ? ವಿಲ್ಫ್ರೆಡ್ ಯಾವತ್ತಾದ್ರೂ ಯಾರನ್ನಾದ್ರೂ ಕೇಳಿದ್ದುಂಟಾ?"

ನನಗೆ ರೇಗಿತು. ಜರ್ಮನಿಯ ಕುಂಟ ಪೋಸ್ಟ್‌ಮ್ಯಾನಿಗೂ ಟಾರ್ನೀಟಿನ ಹುಡುಗನಿಗೂ ಎತ್ತಣಿಂದೆತ್ತ ಸಂಬಂಧ? ಆದರೆ ನೆವ್ರಿಯ ವಿಷಯದಲ್ಲಿ ಅವರೊಡನೆ ವಾದಿಸಲು ನಾನು ಯಾರು? ಸುಮ್ಮನೆ ಎರಡು ತಿಂದೆ. ಚೆನ್ನಾಗಿತ್ತು.

ಅದೇ ಸಂಜೆ ಆಂಟಿ ಕಿನ್ನಿಗೋಳಿಗೆ ಫೋನ್ ಹಚ್ಚಿದರು. ಅವರು ಎಂದೂ ಬಿಡಿಸಿ ಹೇಳುವವರಲ್ಲ. "ಹುಡುಗ ಒಳ್ಳೆಯವನೇ ಜೊವಾನ್. ಆದ್ರೆ ಅಡುಗೆಮನೆಯಲ್ಲಿ ಹೆಂಗಸಿನ ಕೈ ಓಡಾಡ್ತಾ ಉಂಟು. ಮತ್ತೆ ನಿನ್ನಿಷ್ಟ" ಎಂದರು, ಅಷ್ಟೇ. ಜೊವಾನ್ ಸಂಬಂಧದ ಮಾತುಕತೆ ನಿಲ್ಲಿಸಿಬಿಟ್ಟರು. ಡ್ಯಾರಿಲ್‌ಗೆ, ಹುಡುಗಿಗೆ ಸದ್ಯ ಮದುವೆ ಬೇಡವಂತೆ ಎಂದು ಹೇಳಿ ಕಳಿಸಿದರು. ಲವೀನಾಗೆ, ಹುಡುಗ ಸರಿಯಿಲ್ಲ ಎಂದರು, ಯಾಕೆ ಎಂದು ಹೇಳಲಿಲ್ಲ. ಅವಳ ಫೋನ್ ಕಾರ್ಡುಗಳನ್ನು ತೆಗೆದಿಟ್ಟರು. ನಾವು ಸಿಡ್ನಿಗೆ ಮರಳಿದೆವು. ಆಂಟಿ ಒಂದು ಮನೆ ಉಳಿಸಿದ ಸಮಾಧಾನದಲ್ಲಿ ಕ್ರಿಸ್ಮಸ್ ಮಾಡಿದರು.

ಈಸ್ಟರ್ ಕಳೆದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಫೋನ್ ಬಂತು. ನಾನೇ ಎತ್ತಿದೆ. ಹುಡುಗಿಯ ದನಿ, ಹಿಂದೆ ಬಸ್ಸಿನ ಹಾರ್ನು. ಎಮಿಲಿಯಾನಾ ಆಂಟಿ ಬೇಕು ಎಂದಿತು. ಆಂಟಿಯ ಕೈ ಹಿಟ್ಟಾಗಿತ್ತು, ಸ್ಪೀಕರ್ ಒತ್ತಿದೆ.

"ಆಂಟಿ, ನಾನು ಲವೀನಾ. ಬೂತಿನಿಂದ ಮಾಡ್ತಾ ಇದ್ದೇನೆ. ನನ್ನ ಮದುವೆ ಗೊತ್ತಾಯ್ತು, ಮಸ್ಕತ್ತಿನ ಹುಡುಗ. ಇವತ್ತು ಬೆಳಿಗ್ಗೆ ಇಗರ್ಜಿಯಲ್ಲಿ ಮೊದಲ ಸಲ ನಮ್ಮ ಹೆಸರು ಓದಿದ್ರು."

ಅವರಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪೂಜೆಯ ಕೊನೆಗೆ ಗಂಡು ಹೆಣ್ಣಿನ ಹೆಸರು ಓದಿ, ಯಾರಿಗಾದರೂ ಅಡ್ಡಿ ಗೊತ್ತಿದ್ದರೆ ತಿಳಿಸಿ ಎಂದು ಕೇಳುತ್ತಾರೆ. ಆಂಟಿ ಶುಭಾಶಯ ಹೇಳಲು ಬಾಯಿ ತೆರೆದರು. ಲವೀನಾ ಬಿಡಲಿಲ್ಲ.

"ಒಂದೇ ವಿಷಯ ಕೇಳ್ಬೇಕು. ಡ್ಯಾರಿಲ್ ಮನೆಯಲ್ಲಿ ನೀವು ಏನು ನೋಡಿದ್ರಿ? ಡ್ಯಾಡಿ ಹೇಳುದಿಲ್ಲ. ಅಡ್ಡಿ ಇದ್ರೆ ಹೇಳಿ ಅಂತ ಪಾದ್ರಿ ಓದುವಾಗ ನನಗೆ ಅನಿಸಿತು, ಡ್ಯಾರಿಲ್ ಅವರದ್ದು ಎಂತ ಅಡ್ಡಿ ಅಂತ ನಿಮ್ಮನ್ನು ನಾನು ಕೇಳ್ಲೇ ಇಲ್ಲ ಅಲ್ವಾ?"

ಆಂಟಿ ತಡವರಿಸಿದರು. ಆಮೇಲೆ ಹೇಳಿದರು, ತಟ್ಟೆಯ ನೆವ್ರಿ, ಅದರ ಅಂಚು, ಹೆಂಗಸಿನ ಕೈ.

"ಅಷ್ಟೇನಾ?" ಎಂದಳು ಲವೀನಾ. "ಆಂಟಿ, ಅದು ಡ್ಯಾರಿಲ್ ಅವರದ್ದೇ ಕೈ. ಅವರ ಮಮ್ಮಿಗೆ ವಾತ ಆಗಿ ಬೆರಳು ಮಡಚ್ಲಿಕ್ಕೆ ಆಗ್ತಿರ್ಲಿಲ್ಲ. ಸಣ್ಣವರಿರುವಾಗಿನಿಂದ ಮನೆಯ ಕುಸ್ವಾರ್ ಎಲ್ಲ ಅವರೇ ಮಾಡಿದ್ದು. ನೀವು ತಟ್ಟೆ ಕೊಟ್ಟ ದಿನ ನನಗೆ ಫೋನ್ ಮಾಡಿದ್ರು. ಊರಿನ ಒಬ್ಬರು ಆಂಟಿ ಬಂದಿದ್ರು, ಮಮ್ಮಿ ಮಾಡಿಸ್ತಿದ್ದ ಹಾಗೇ ಅಂಚು ಹೆಣೆದು ಕೊಡ್ತೇನೆ ಅಂದ್ರು. ಅಷ್ಟು ಖುಷಿ ಇತ್ತು ಅವರಿಗೆ."

ಆಂಟಿ ಕುರ್ಚಿ ಎಳೆದುಕೊಂಡು ಕೂತರು. ಹಿಟ್ಟಿನ ಕೈ ಸೀರೆಗೆ ಹತ್ತಿತು. "ಲವೀನಾ, ಮಗಳೇ, ನಾನು ನಿನ್ನ ಅಪ್ಪನಿಗೆ ಈಗಲೇ ಹೇಳ್ತೇನೆ. ನಿಂಗೆ ಯಾರು ಬೇಕು, ಹೇಳು."

"ಈಗ ಕೇಳ್ತೀರಾ ಆಂಟಿ?" ಎಂದಳು ಅವಳು. ಸಿಟ್ಟಿನಿಂದಲ್ಲ, ಸುಮ್ಮನೆ. ಫೋನ್ ಇಟ್ಟಳು.

ಅಂಕಲ್ ಸೋಫಾದಲ್ಲಿ ಪೇಪರ್ ಓದುತ್ತಿದ್ದವರು ಅದನ್ನು ಮಡಚಿದರು. "ವಿಲ್ಫ್ರೆಡ್‌ಗೂ ಹಾಗೇ ಆಯ್ತಲ್ಲ" ಎಂದರು.

"ಎಂತ ಆಯ್ತು?" ಆಂಟಿ ತಿರುಗಿದರು.

"ಎರಡು ಕಪ್ಪು. ಹೆಂಗಸೂ ಇಲ್ಲ, ಎಂತದ್ದೂ ಇಲ್ಲ. ಪಕ್ಕದ ಮನೆಯಲ್ಲಿ ಒಬ್ಬ ಕಣ್ಣು ಕಾಣದ ಮುದುಕ. ಆ ಗಡಿಯಾರದವನು ದಿನಾ ಬೆಳಿಗ್ಗೆ ಗೋಡೆಯ ಮೇಲಿಂದ ಅವನಿಗೆ ಕಾಫಿ ಕೊಡ್ತಿದ್ದ. ವಿಲ್ಫ್ರೆಡ್‌ಗೆ ಗೊತ್ತಾಗುವಾಗ ಹುಡುಗಿಯನ್ನು ರೈಲು ಹತ್ತಿಸಿ ಬೇರೆ ಊರಿಗೆ ಕಳಿಸಿ ಆಗಿತ್ತು. ವಿಲ್ಫ್ರೆಡ್ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ. ಅಲ್ಲಿಗೆ ಮುಗೀತು."

"ನಿಮಗೆ ಗೊತ್ತಿತ್ತಾ? ಆವತ್ತೇ?"

"ನೋಡಿದೆನಲ್ಲ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ನೀನು ಕೇಳ್ಲಿಲ್ಲ" ಎಂದರು ಅಂಕಲ್.

ಆ ಮನುಷ್ಯನ ಕೈಯಲ್ಲಿದ್ದ ಪೇಪರ್ ಕಿತ್ತುಕೊಂಡು ಅದರಲ್ಲೇ ನಾಲ್ಕು ಬಾರಿಸೋಣ ಅನಿಸಿತು ನನಗೆ. ಆಮೇಲೆ ಯೋಚಿಸಿದರೆ ಪಾಪ, ಅವರದು ಸುಳ್ಳೂ ಅಲ್ಲ. ಡ್ಯಾರಿಲ್‌ನನ್ನು ಕೇಳಲಿಲ್ಲ, ಲವೀನಾಳನ್ನು ಕೇಳಲಿಲ್ಲ, ಪಕ್ಕದಲ್ಲೇ ಕೂತು ಕೊನೆಯವರೆಗೆ ನೋಡಿದ ಗಂಡನನ್ನೂ ಕೇಳಲಿಲ್ಲ.

ಆಂಟಿ ಕೈ ತೊಳೆದುಕೊಂಡು ಕಿನ್ನಿಗೋಳಿಗೆ ಫೋನ್ ಮಾಡಿದರು. ಈ ಸಲ ಬಿಡಿಸಿ ಬಿಡಿಸಿ ಹೇಳಿದರು. ತಪ್ಪು ನನ್ನದು, ನಾನೇ ಬಂದು ನಿನ್ನ ಪಾದ್ರಿಗೂ ಹೇಳುತ್ತೇನೆ ಎಂದರು. ಜೊವಾನ್ ಒಪ್ಪಲಿಲ್ಲ. ಊರಿನವರ ಮುಂದೆ ಹೆಸರು ಓದಿ ಆಗಿದೆ, ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ ರೋಸಿಗೆ ತೆಂಗಿನಕಾಯಿ ಹೇಳಿ ಆಗಿದೆ, ಈಗ ಬೇಡವೆಂದರೆ ಹುಡುಗಿಗೇ ಏನೋ ಉಂಟು ಎನ್ನುತ್ತಾರೆ. "ನೀನು ಇನ್ನು ಸುಮ್ಮನಿರು ಎಮಿಲಿಯಾನಾ" ಎಂದರು. ಮುಂದಿನ ಎರಡು ಭಾನುವಾರಗಳೂ ಯಾರೂ ಅಡ್ಡಿ ಹೇಳಲಿಲ್ಲ. ಲವೀನಾ ಮದುವೆಯಾಗಿ ಮಸ್ಕತ್ತಿಗೆ ಹೋದಳು. ಚೆನ್ನಾಗಿದ್ದಾಳಂತೆ. ಅದಕ್ಕಿಂತ ಹೆಚ್ಚು ನಮಗೆ ತಿಳಿಯದು.

ಆಮೇಲೂ ಊರಿನ ಅಪ್ಪಂದಿರು ಫೋನ್ ಮಾಡುತ್ತಿದ್ದರು. "ಹುಡುಗನನ್ನೇ ಕೇಳು. ನಿನ್ನ ಮಗಳನ್ನೂ ಕೇಳು. ನನ್ನನ್ನು ಕೇಳ್ಬೇಡ" ಎಂದು ಆಂಟಿ ಇಟ್ಟುಬಿಡುತ್ತಿದ್ದರು. ಗುರುವಾರ ಟೀವಿ ಹಾಕುವುದನ್ನು ಮಾತ್ರ ಬಿಡಲಿಲ್ಲ. ಫೋನ್ ಬಂದರೆ ಏಳುತ್ತಿರಲಿಲ್ಲ.

ಡಿಸೆಂಬರ್ ಬಂತು. ಆಂಟಿ ಈ ಸಲ ನೆವ್ರಿಗೆ ಚಕ್ರ ಮುಟ್ಟಲಿಲ್ಲ. ಲಾಂಡ್ರಿಯಲ್ಲಿ ದಪ್ಪವಾಗಿದ್ದ ಬೆರಳುಗಳಲ್ಲಿ ಅಂಚು ಹೆಣೆಯಲು ಕೂತರು. ಅರ್ಧಕ್ಕರ್ಧ ಎಣ್ಣೆಯಲ್ಲಿ ಬಿಚ್ಚಿಕೊಂಡವು. ನೆಟ್ಟಗೆ ಬಂದವನ್ನು ಆರಿಸಿ, ಅದೇ ಸ್ಟೀಲ್ ತಟ್ಟೆ ತೆಗೆದುಕೊಂಡು ಮೆಲ್ಬರ್ನಿಗೆ ಹೊರಟರು. ನಾನೇ ಕಾರು ಓಡಿಸಿದೆ. ಟಾರ್ನೀಟಿನಲ್ಲಿ ಬಯಲು ಕಡಿಮೆಯಾಗಿ ಮನೆಗಳು ಹೆಚ್ಚಿದ್ದವು.

ಡ್ಯಾರಿಲ್ ಒಳಗೆ ಕರೆದ. ಈ ಸಲ ಆಂಟಿ ಹೊಸ್ತಿಲು ದಾಟಿ ಕೂತರು. ಕೂತು, ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ, ಎಲ್ಲ ಹೇಳಿದರು. ಯಾರ ಪರವಾಗಿ ಬಂದಿದ್ದು, ಏನು ನೋಡಿದ್ದು, ಏನು ಅಂದುಕೊಂಡಿದ್ದು, ಯಾರಿಗೆ ಏನು ಹೇಳಿದ್ದು. ಹೂವಿನ ಕರ್ಟನ್ ಇನ್ನೂ ಇತ್ತು. "ಲವೀನಾ ಬರ್ತಾಳೆ ಅಂತ ಈ ಮನೆ ತಗೊಂಡಿದ್ದು. ಕರ್ಟನ್ ಅವಳೇ ಫೋಟೋ ನೋಡಿ ಹೇಳಿದ್ದು" ಎಂದ ಕೊನೆಗೆ. ಆಮೇಲೆ ಎದ್ದು, "ಟೀ ಕುಡೀತೀರಾ ಆಂಟಿ?" ಎಂದ. ಟೀ ಚೆನ್ನಾಗಿತ್ತು. ಏಲಕ್ಕಿ ಹಾಕಿದ್ದ. ಹೊರಡುವಾಗ ಎರಡೂ ಕೈಯಲ್ಲಿ ತಟ್ಟೆ ಇಸಿದುಕೊಂಡ.

ಆಂಟಿಗೆ ಎದೆ ಹಗುರವಾಗಿತ್ತು. ದಾರಿಯುದ್ದಕ್ಕೂ, ದೊಡ್ಡ ಮನಸ್ಸಿನ ಹುಡುಗ, ದೊಡ್ಡ ಮನಸ್ಸಿನ ಹುಡುಗ ಎನ್ನುತ್ತಿದ್ದರು.

ಮರುದಿನ ಬೆಳಿಗ್ಗೆ ಟ್ರುಗನಿನಾದ ಮನೆಯ ಬಾಗಿಲು ತೆಗೆದರೆ, ಮೆಟ್ಟಿಲ ಮೇಲೆ ತಟ್ಟೆ ಇತ್ತು. ಬೆಲ್ ಮಾಡಿರಲಿಲ್ಲ. ಆಂಟಿಯೇ ಬಗ್ಗಿ ಎತ್ತಿಕೊಂಡರು, ಕ್ರೋಶಾ ಬಟ್ಟೆ ಸರಿಸಿದರು. ತಟ್ಟೆಯನ್ನು ಚೆನ್ನಾಗಿ ತೊಳೆದು, ಒಂದು ಹನಿ ನೀರೂ ಇಲ್ಲದಂತೆ ಒರೆಸಿತ್ತು. ಅದರಲ್ಲಿ ಒಂದು ಕಾಳು ಸಕ್ಕರೆಯೂ ಇರಲಿಲ್ಲ.